ಕಲ್ಯಾಣದ ನಂತರ ಉಳಿದ ಆಸರೆ



ಮಳೆ ಕೈಕೊಟ್ಟ ವರ್ಷ, ಮನೆಗೆ ಆಧಾರವಾಗಿದ್ದ ಹಿರಿಯರು ಅಗಲಿದ ದಿನ, ದುಡಿಮೆಗೆ ಕುತ್ತು ಬಂದ ಗಳಿಗೆ, ಇಂಥ ಸಮಯದಲ್ಲಿ ಭಕ್ತರು ಮಠಕ್ಕೆ ಬಂದು ಕೇಳುವ ಪ್ರಶ್ನೆ ಒಂದೇ: ‘ಬುದ್ಧೀ, ಇಷ್ಟು ಕಾಲ ಪೂಜೆ ಮಾಡಿದರೂ ಹೀಗಾಯಿತಲ್ಲ, ಇನ್ನು ಯಾವುದನ್ನು ನಂಬಲಿ?’ ಎರಡು ಸಾಂತ್ವನದ ಮಾತು ಹೇಳಿ ಕಳುಹಿಸುವುದು ಸುಲಭ. ಆದರೆ ಇದೇ ಪ್ರಶ್ನೆಯನ್ನು ಎಂಟೂವರೆ ಶತಮಾನಗಳ ಹಿಂದೆ ಒಂದು ಸಮುದಾಯವೇ ಎದುರಿಸಿತ್ತು. ಅದು ಕಂಡುಕೊಂಡ ಉತ್ತರವನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಲೇಸು.

ಕಲಚುರಿ ಬಿಜ್ಜಳನ ಆಳ್ವಿಕೆಯ ಕೊನೆಗಾಲದಲ್ಲಿ, ಅಂದರೆ 1167ರ ಸುಮಾರಿಗೆ, ಕಲ್ಯಾಣದ ಶರಣಸಮೂಹವು ಒಡೆದು ಚದುರಿತು. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹ, ಆ ಹಿರಿಯರಿಗೆ ಒದಗಿದ ಘೋರ ಶಿಕ್ಷೆ, ಅನಂತರದ ಅರಾಜಕತೆ, ಇವನ್ನು ನಮ್ಮ ಪುರಾಣಗಳು ವಿಸ್ತಾರವಾಗಿ ಹೇಳಿವೆ. ಬಸವಣ್ಣನವರು ಕೂಡಲಸಂಗಮದಲ್ಲಿ ಲಿಂಗೈಕ್ಯರಾದರು. ಚೆನ್ನಬಸವಣ್ಣನವರು ಪಡುವಣ ಕಾಡುಗಳ ನಡುವಿನ ಉಳವಿಯನ್ನು ಸೇರಿದರು. ಅಕ್ಕನಾಗಮ್ಮನವರು ತರೀಕೆರೆಯ ಕಡೆಗೆ ನಡೆದರು ಎಂದು ಪರಂಪರೆಯು ನಂಬಿಕೊಂಡು ಬಂದಿದೆ. ವಿವರಗಳಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಕಟ್ಟಿದ್ದೆಲ್ಲವೂ ಕಣ್ಣೆದುರಿನಲ್ಲೇ ಕುಸಿಯಿತೆಂಬುದನ್ನು ಯಾರೂ ಅಲ್ಲಗಳೆಯರು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಶರಣರ ಧರ್ಮವು ಕಲ್ಯಾಣದ ಯಾವ ಗುಡಿಗೂ ಕಟ್ಟುಬಿದ್ದಿರಲಿಲ್ಲ. ಅವರ ದೇವರು ಅವರವರ ಎದೆಯ ಮೇಲೆ, ಇಷ್ಟಲಿಂಗದ ರೂಪದಲ್ಲಿದ್ದನು. ಊರು ಬಿಟ್ಟವನು ದೇವರನ್ನು ಬಿಟ್ಟು ಹೋಗಬೇಕಾಗಲಿಲ್ಲ. ರಾತ್ರೋರಾತ್ರಿ ಕಾಡಿನ ದಾರಿ ಹಿಡಿದವನಿಗೂ ಬೆಳಗಾದೊಡನೆ ಅಂಗೈಯೇ ಪೂಜಾಪೀಠವಾಗುತ್ತಿತ್ತು. ನೇಯುವವನ ನೇಯ್ಗೆ, ಹೊಲಿಯುವವನ ಹೊಲಿಗೆ ಅವರವರ ಕೈಯಲ್ಲಿಯೇ ಉಳಿದಿದ್ದವು. ದುಡಿದು ತಂದುದನ್ನು ಹಂಚಿ ಉಣ್ಣುವ ದಾಸೋಹಕ್ಕೆ ಅರಮನೆಯ ಆಶ್ರಯ ಬೇಕಿರಲಿಲ್ಲ. ಲಿಂಗ, ಕಾಯಕ, ದಾಸೋಹ, ಈ ಮೂರೂ ಮನುಷ್ಯನೊಡನೆ ನಡೆದುಹೋಗಬಲ್ಲವು. ಸ್ಥಾವರವೆಲ್ಲ ಅಲುಗಿದಾಗ ಜಂಗಮವೇ ಸ್ಥಿರವಾಗಿ ನಿಂತಿತು.

ಇದು ಬರಿಯ ಭಾವುಕತೆಯ ಮಾತಲ್ಲ. ಹುಕ್ಕೇರಿ ಸೀಮೆಯ ಅರ್ಜುನವಾಡದಲ್ಲಿರುವ 1260ರ ಶಾಸನದಲ್ಲಿ ಬಸವಣ್ಣನವರ ಹೆಸರು ಗೌರವದಿಂದ ಕೆತ್ತಲ್ಪಟ್ಟಿದೆ. ಚದುರಿಹೋದ ನೂರು ವರ್ಷಗಳೊಳಗೆ ಆ ಹೆಸರು ಕಲ್ಲಿನ ಮೇಲೆ ನೆಲೆಯಾಯಿತು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಹಾಡಿದ ಬಸವಚರಿತೆಯನ್ನು 1369ರಲ್ಲಿ ಭೀಮಕವಿಯು ಕನ್ನಡಕ್ಕೆ ತಂದನು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ, ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಚಾಮರಸ ಮೊದಲಾದವರು ಶರಣಧರ್ಮಕ್ಕೆ ಹೊಸ ಕಳೆ ತಂದರು. ಆ ಶತಮಾನದಲ್ಲಿಯೇ ಶಿವಗಣಪ್ರಸಾದಿ ಮಹದೇವಯ್ಯನವರು ವಚನಗಳನ್ನು ಹೊಂದಿಸಿ ಶೂನ್ಯಸಂಪಾದನೆಯನ್ನು ರಚಿಸಿದರು.

ಕಲ್ಯಾಣದಿಂದ ಇಲ್ಲಿಗೆ ಸುಮಾರು ಇನ್ನೂರೈವತ್ತು ವರ್ಷ! ಇಷ್ಟು ಕಾಲ ಓಲೆಗಳನ್ನು ಹುಳುವಿನಿಂದ, ತೇವದಿಂದ ಕಾಪಾಡಿದವರು, ಹಳೆಯ ಓಲೆ ಮುರಿಯುವ ಮೊದಲೇ ಹೊಸ ಓಲೆಗೆ ಪ್ರತಿಮಾಡಿದವರು ಯಾರು? ಅವರಲ್ಲಿ ಬಹುಮಂದಿಯ ಹೆಸರು ನಮಗೆ ದೊರೆತಿಲ್ಲ. ಒಳ್ಳೆಯ ಕಾಲ ಬರುವುದೆಂಬ ಭರವಸೆಯನ್ನು ಯಾವ ಅರಸನೂ ಅವರಿಗೆ ಕೊಟ್ಟಿರಲಿಲ್ಲ. ಆ ಕಾಲವನ್ನು ಕಾಣುವ ಭಾಗ್ಯವೂ ಅವರಿಗಿರಲಿಲ್ಲ. ಆದರೂ ಅಂದಂದಿನ ಕೆಲಸವನ್ನು ಅಂದಂದೇ ಮಾಡಿದರು. ಅವರ ನಂಬಿಕೆ ಕೈಕೆಲಸವಾಗಿ ಮೈದಾಳಿತ್ತು.

ಕಾಲಾಂತರದಲ್ಲಿ ಆ ಕಟ್ಟುಗಳು ಮಠದ ಮೂಲೆಗಳಲ್ಲಿ, ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಕುಳಿತವು. ಅವುಗಳನ್ನು ಬಿಚ್ಚಿ ಓದಿದವರಲ್ಲಿ ಅಗ್ರಗಣ್ಯರು ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು (1880–1964). 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಗಳಿಸಿದುದನ್ನೆಲ್ಲ ಮುದ್ರಣಕ್ಕೆ ಸುರಿದು ತಾವು ಬಡತನದಲ್ಲಿ ಬಾಳಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಾಗ, ಹೆಸರಿಲ್ಲದ ಆ ಲಿಪಿಕಾರರ ಶ್ರಮವೂ ಹಳಕಟ್ಟಿಯವರ ತ್ಯಾಗವೂ ಒಟ್ಟಿಗೆ ಫಲಿಸಿದವು.

ಬಂಧುಗಳೇ, ಧರ್ಮವು ಕಷ್ಟವನ್ನು ತಡೆಯುವ ತಾಯಿತವೆಂದು ತಿಳಿದರೆ ಇತಿಹಾಸವು ನಮ್ಮನ್ನು ಒಪ್ಪದು. ಶರಣರನ್ನೇ ಅದು ಕಷ್ಟದಿಂದ ತಪ್ಪಿಸಲಿಲ್ಲ. ಕಷ್ಟದ ನಡುವೆಯೂ ಮನುಷ್ಯನು ನಿಲ್ಲಬಹುದಾದ ಒಂದು ಅಂಗೈಯಗಲದ ನೆಲೆಯನ್ನು ಅದು ಕೊಟ್ಟಿತು. ಆದುದರಿಂದ ‘ಯಾವುದನ್ನು ನಂಬಲಿ?’ ಎಂದು ಕೇಳುವವರಿಗೆ ನಾವು ಹೇಳುವುದಿಷ್ಟೇ: ನಾಳಿನ ಬೆಳಗಿನ ಪೂಜೆಯನ್ನು ತಪ್ಪಿಸಬೇಡಿ, ಕೈಗೆ ಎಟುಕಿದ ಕಾಯಕವನ್ನು ಬಿಡಬೇಡಿ, ಇರುವುದು ಒಂದೇ ರೊಟ್ಟಿಯಾದರೂ ಅದರಲ್ಲಿ ಒಂದು ತುಣುಕನ್ನು ಹಸಿದವರಿಗೆ ತೆಗೆದಿಡಿ. ಕಲ್ಯಾಣ ಬಿಟ್ಟು ಹೊರಟವರ ಬಳಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಅಷ್ಟರಿಂದಲೇ ಅವರು ನಮ್ಮವರೆಗೆ ಬಂದು ಮುಟ್ಟಿದ್ದಾರೆ.