ತಾತನ ಚಾಕು ಡಬ್ಬಿ: ಗುಜರಿಗೆ ಹಾಕೋ ಮುಂಚೆ ಒಂದ್ಸಲ ಓದಿ

ವಕ್ಕಲೇರಿ ಹೋಬಳಿಯ ಒಂದು ಹಳ್ಳಿ. ಹಳೇ ಮನೆ ಕೆಡವಿ ಹೊಸದು ಕಟ್ಟೋಕೆ ಅಟ್ಟ ಖಾಲಿ ಮಾಡುವಾಗ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ 23 ಚಾಕು, ಎಲ್ಲಾ ಜೇಬಿನಲ್ಲಿ ಮಡಚಿ ಇಟ್ಟುಕೊಳ್ಳುವಂಥವು. ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು, ತೀರಿಹೋಗಿ ವರ್ಷಗಳೇ ಆದವು. ಗುಜರಿಯವನು ಡಬ್ಬಿ ಕೈಯಲ್ಲಿ ತೂಗಿ ನೋಡಿ "ನಾನೂರು ಕೊಡ್ತೀನಿ" ಅಂದ. ಮೊಮ್ಮಗನಿಗೆ ಮನೆ ಕಟ್ಟೋ ಖರ್ಚಿನ ಚಿಂತೆ. ಪೇಪರ್‌ನೋರಿಗೆ ಗೊತ್ತಿರುತ್ತೆ ಅಂತ ನಮಗೆ ಫೋನ್ ಮಾಡಿದರು.

"ಸಾರ್, ಇದಕ್ಕೆ ರೇಟ್ ಐತಾ?"

ನಮಗೂ ಗೊತ್ತಿರಲಿಲ್ಲ. ಹೋಗಿ ಕೂತು, ಒಂದೊಂದನ್ನೂ ಬಿಚ್ಚಿ, ಅಲಗಿನ ಬುಡವನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆವು. ತುಕ್ಕಿನ ಕೆಳಗೆ ಅಕ್ಷರಗಳಿದ್ದವು. ಅವನ್ನು ಹಿಡಿದುಕೊಂಡು ಹುಡುಕುತ್ತಾ ಹೋದಾಗ ಚಾಕಿನ ಚರಿತ್ರೆಯ ಜೊತೆಗೆ ನಮ್ಮ ಜಿಲ್ಲೆಯ ಚರಿತ್ರೆಯೂ ಬಿಚ್ಚಿಕೊಂಡಿತು.

ಎರಡು ಚಾಕುಗಳ ಮೇಲೆ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಅಂತಿತ್ತು. ಹೆಸರಿನ ಪಕ್ಕ ಒಂದು ನಕ್ಷತ್ರ, ಒಂದು ಶಿಲುಬೆ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಈ ಕಂಪನಿಗೆ ಆ ಗುರುತು ಸಿಕ್ಕಿದ್ದು 1764ರಲ್ಲಿ. ನಮ್ಮಲ್ಲಿ ಹೈದರಾಲಿ ಮೈಸೂರಿನ ಅಧಿಕಾರ ಹಿಡಿದು ಇನ್ನೂ ಕೆಲವೇ ವರ್ಷ ಆಗಿದ್ದ ಕಾಲ ಅದು. ಇನ್ನೊಂದರ ಮೇಲೆ ಐ ಎಕ್ಸ್ ಎಲ್ ಎಂಬ ಮೂರೇ ಅಕ್ಷರ. ಅದೂ ಶೆಫೀಲ್ಡಿನದೇ, ಜಾರ್ಜ್ ವೊಸ್ಟನ್‌ಹೋಮ್ ಕಂಪನಿಯದು. ಇಂಗ್ಲಿಷಿನಲ್ಲಿ ಅದನ್ನು ಕೂಡಿಸಿ ಓದಿದರೆ "ನಾನೇ ಮೇಲು" ಅಂತ ಅರ್ಥ ಬರುತ್ತೆ. ನಾಲ್ಕು ಚಾಕು ಜರ್ಮನಿಯ ಸೋಲಿಂಗನ್ ಊರಿನವು. ಒಂದು ಪಟ್ಟಾಳದ್ದು: ದಪ್ಪ ಕರಿ ಹಿಡಿ, ಡಬ್ಬ ತೆರೆಯೋ ಕೊಕ್ಕೆ, ಹಿಂದೆ ಒಂದು ದಬ್ಬಳ, ಮೇಲೊಂದು ಬಾಣದ ಗುರುತು. ಆ ಬಾಣ ಇದ್ದರೆ ಬ್ರಿಟಿಷ್ ಸರ್ಕಾರದ ಸ್ವತ್ತು ಅಂತ ಲೆಕ್ಕ.

ವಕ್ಕಲೇರಿ ಅಟ್ಟಕ್ಕೂ ಶೆಫೀಲ್ಡಿಗೂ ಏನು ಸಂಬಂಧ? ನಡುವೆ ಇರೋದು ಚಿನ್ನದ ಗಣಿ.

1870ರ ದಶಕದಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಕೋಲಾರದ ಚಿನ್ನ ಅಗೆಯೋಕೆ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಅವರ ಹಿಂದೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿ ಕೆಲಸಗಾರರು ಬಂದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಆ ರೈಲಿನಲ್ಲಿ ಯಂತ್ರಗಳ ಜೊತೆಗೆ ದೊರೆಗಳ ಸಾಮಾನೂ ಇಳಿಯಿತು. ಬಿಸ್ಕತ್ತು, ಕನ್ನಡಿ, ಕ್ರಿಕೆಟ್ ಬ್ಯಾಟು, ಜೇಬಿನ ಚಾಕು.

ಗಣಿಯಲ್ಲಿ ಚಾಕು ಶೋಕಿಗೆ ಇಟ್ಟುಕೊಳ್ಳೋದಲ್ಲ. ಬಂಡೆ ಸಿಡಿಸೋ ಮದ್ದಿಗೆ ಹಚ್ಚುವ ಬತ್ತಿಯನ್ನು ಅಳತೆಗೆ ಸರಿಯಾಗಿ ಕತ್ತರಿಸಬೇಕು. ಕತ್ತರಿಸಿದ ಜಾಗ ನೇರವಾಗಿರಬೇಕು, ನಾರು ಕಿತ್ತುಬರಬಾರದು. ಆ ಬತ್ತಿಯನ್ನು 1831ರಲ್ಲಿ ವಿಲಿಯಂ ಬಿಕ್‌ಫರ್ಡ್ ಕಂಡುಹಿಡಿದಿದ್ದು ಕೂಡ ಕಾರ್ನ್‌ವಾಲ್‌ನಲ್ಲೇ. ಬತ್ತಿ ಗಿಡ್ಡವಾದರೆ ಓಡೋಕೆ ಟೈಮ್ ಸಿಗಲ್ಲ. ಹಾಗಾಗಿ ಹರಿತವಾದ ಚಾಕು ಅಂದರೆ ಕೆಳಗೆ ಇಳಿದವನಿಗೆ ಜೀವದ ಪ್ರಶ್ನೆ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. ಊರು ಬಿಟ್ಟು ಹೊರಟ ದೊರೆಯೊಬ್ಬ ತಾತನಿಗೆ ಮೂರು ಚಾಕು ಕೊಟ್ಟು ಹೋದನಂತೆ. ಇದು ಮನೆಯವರ ಮಾತು, ಕಾಗದ ಇಲ್ಲ. ಉಳಿದವನ್ನು ತಾತ ಒಂದೊಂದಾಗಿ ಸೇರಿಸಿದರು. ಆರು ಚಾಕು ಆವಣಿ ಜಾತ್ರೆಯಲ್ಲಿ ಕೊಂಡಿದ್ದಂತೆ. ಗಣಿ ಪೂರ್ತಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಷ್ಟು ಹೊತ್ತಿಗೆ ಡಬ್ಬಿ ಅಟ್ಟ ಸೇರಿತ್ತು.

ಈಗ ಬೆಲೆಯ ವಿಷಯ. ಹಳೇದು ಅಂದ ಮಾತ್ರಕ್ಕೆ ದುಡ್ಡು ಬರಲ್ಲ. ಎಷ್ಟು ಹಳೇದು ಅನ್ನೋದನ್ನು ಚಾಕೇ ಹೇಳಬೇಕು. ಅದಕ್ಕೆ ಮೊದಲು ನೋಡಬೇಕಾದ್ದು ಅಲಗಿನ ಬುಡದ ಮುದ್ರೆ. ರಾಡ್ಜರ್ಸ್ ಚಾಕಿನಲ್ಲಿ ಕಿರೀಟದ ಆಚೆ ಈಚೆ ವಿ ಮತ್ತು ಆರ್ ಅಕ್ಷರ ಇದ್ದರೆ ವಿಕ್ಟೋರಿಯಾ ರಾಣಿ ಕಾಲದ್ದು, ಅಂದರೆ 1901ಕ್ಕೆ ಮುಂಚಿನದು ಅಂತ ಹಿಡಿಯಬಹುದು. ಇ ಆರ್ ಇದ್ದರೆ ಎಡ್ವರ್ಡ್ ದೊರೆಯ 1901ರಿಂದ 1910ರ ಕಾಲ. ಜಿ ಆರ್ ಇದ್ದರೆ ಆಮೇಲಿನ ಜಾರ್ಜ್ ದೊರೆಗಳ ಕಾಲ. ದೇಶದ ಹೆಸರು ಕೂಡ ಸುಳಿವು ಕೊಡುತ್ತೆ. ಆಮದಾಗೋ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಹಾಗಾಗಿ ಇಂಗ್ಲೆಂಡ್ ಅಂತ ಒತ್ತಿದ ಚಾಕು ಸಾಮಾನ್ಯವಾಗಿ 1891ರಿಂದ ಈಚಿನದು. ಜರ್ಮನಿಯವರು ತಮ್ಮ ಮಾಲಿಗೆ ಶೆಫೀಲ್ಡ್ ಹೆಸರು ಒತ್ತಿ ಮಾರ್ತಾರೆ ಅಂತ ಇಂಗ್ಲೆಂಡಿನವರು ಗಲಾಟೆ ಮಾಡಿ 1887ರಲ್ಲೇ ಒಂದು ಕಾನೂನು ತಂದಿದ್ದರು. ಮೇಡ್ ಇನ್ ಜರ್ಮನಿ ಅಂತ ಹಾಕಿಸಿದ್ದು ಅವಮಾನ ಮಾಡೋಕೆ. ಆಮೇಲೆ ಅದೇ ಹೆಸರು ಗಟ್ಟಿ ಮಾಲಿನ ಗುರುತಾಯಿತು.

ಅಕ್ಷರದ ಮಾತು ಬಂದಿದ್ದಕ್ಕೆ ನಮ್ಮೂರಿನದೇ ಒಂದು ವಿಷಯ ಹೇಳಬೇಕು. ಚಾಲುಕ್ಯರ ಎರಡನೇ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಬರೆಸಿದ ತಾಮ್ರ ಶಾಸನ ಸಿಕ್ಕಿದ್ದು ಇದೇ ವಕ್ಕಲೇರಿಯಲ್ಲಿ. ಇತಿಹಾಸದ ಪುಸ್ತಕಗಳಲ್ಲಿ ಅದರ ಹೆಸರೇ ವಕ್ಕಲೇರಿ ತಾಮ್ರಪಟ. ಕೀರ್ತಿವರ್ಮನ ತಂದೆ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಊರು ಹಾಳು ಮಾಡದೆ, ರಾಜಸಿಂಹೇಶ್ವರ ದೇವಸ್ಥಾನದ ಚಿನ್ನವನ್ನು ದೇವರಿಗೇ ವಾಪಸ್ ಕೊಟ್ಟ ಸಂಗತಿ ಅದರಲ್ಲಿದೆ. ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಅದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚು ಹಾಕಿಸಿದರು. ಆ ತಾಮ್ರವನ್ನು ಯಾರಾದರೂ ಪಾತ್ರೆಯವನಿಗೆ ತೂಕಕ್ಕೆ ಹಾಕಿದ್ದಿದ್ದರೆ ಒಂದು ಬಿಂದಿಗೆ ಆಗ್ತಿತ್ತೋ ಏನೋ.

ಮುದ್ರೆ ಆದಮೇಲೆ ಅಲಗು. ಸಾಣೆ ಹಿಡಿದು ಹಿಡಿದು ಸವೆದು ಕಡ್ಡಿಯಾಗಿದ್ದರೆ ಬೆಲೆ ಇಳಿಯುತ್ತೆ. ಮಡಚುವಾಗ ಟಕ್ ಅಂತ ಸದ್ದು ಬರಬೇಕು, ಬಿಚ್ಚಿದಾಗ ಅಲುಗಾಡಬಾರದು. ಇಲ್ಲಿ ಎಲ್ಲರೂ ಮಾಡೋ ತಪ್ಪು ಒಂದಿದೆ. ಮಾರೋಕೆ ಮುಂಚೆ ಪಳಪಳ ಅನ್ನಿಸೋಣ ಅಂತ ಉಪ್ಪು ಕಾಗದ ಹಾಕಿ ಉಜ್ಜೋದು. ನಮ್ಮ ಮೊಮ್ಮಗನೂ ಒಂದು ಸೋಲಿಂಗನ್ ಚಾಕನ್ನು ಹೀಗೇ ಉಜ್ಜಿದ್ದ. ತುಕ್ಕಿನ ಜೊತೆ ಮುದ್ರೆ ಅರ್ಧ ಹೋಗಿದೆ. ಹಳೇ ಸಾಮಾನು ಕೊಳ್ಳೋರಿಗೆ ಹೊಳಪು ಬೇಡ, ಅಕ್ಷರ ಬೇಕು. ಒಂದು ತೊಟ್ಟು ಮಿಷನ್ ಎಣ್ಣೆ, ಮೆತ್ತನೆ ಬಟ್ಟೆ, ಅಷ್ಟೇ ಸಾಕು.

ಇನ್ನೊಂದು ವಿಚಿತ್ರ. ಡಬ್ಬಿಯಲ್ಲಿ ಮೂರು ಚಾಕಿನ ಹಿಡಿ ಸೆಲ್ಯುಲಾಯ್ಡ್‌ನದು, ಹಳೇ ಕಾಲದ ಪ್ಲಾಸ್ಟಿಕ್ ಅಂದುಕೊಳ್ಳಿ. ಉಜ್ಜಿದರೆ ಕರ್ಪೂರದ ವಾಸನೆ ಬರುತ್ತೆ. ವಯಸ್ಸಾದ ಸೆಲ್ಯುಲಾಯ್ಡ್ ಆಮ್ಲದ ಆವಿ ಬಿಡುತ್ತೆ, ಅದರ ಪಕ್ಕ ಇದ್ದ ಚಾಕುಗಳೂ ತುಕ್ಕು ಹಿಡೀತವೆ. ಈ ಡಬ್ಬಿಯಲ್ಲಿ ಅದೇ ಆಗಿತ್ತು. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ಬೇರೆ ಇಡಿ.

ಆಮೇಲೆ ಹಿಡಿ. ಕಥೆ ಇಲ್ಲಿ ಕಷ್ಟಕ್ಕೆ ಬಂತು.

ರಾಡ್ಜರ್ಸ್ ಚಾಕುಗಳಲ್ಲಿ ಒಂದರ ಹಿಡಿ ಕಡವೆ ಕೊಂಬಿನದು. ಶೆಫೀಲ್ಡಿನವರು ಒಂದು ಕಾಲದಲ್ಲಿ ಹಿಡಿಗೆ ಭಾರತದ ಕಡವೆ ಕೊಂಬನ್ನೇ ತರಿಸುತ್ತಿದ್ದರು. ಅಂದರೆ ನಮ್ಮ ದೇಶದ ಕಾಡಿನ ಕೊಂಬು ಹಡಗು ಹತ್ತಿ ಹೋಗಿ, ಚಾಕಿನ ಹಿಡಿಯಾಗಿ, ದೊರೆಯ ಜೇಬಿನಲ್ಲಿ ಕೂತು ವಾಪಸ್ ಬಂದಿದೆ. ಇನ್ನೊಂದರ ಹಿಡಿ ಆನೆದಂತ. ಮೂಳೆಯಾದರೆ ಸಣ್ಣ ಸಣ್ಣ ಕರಿ ಚುಕ್ಕೆ, ರಂಧ್ರ ಕಾಣುತ್ತೆ. ದಂತಕ್ಕೆ ಅಡ್ಡ ಕೊಯ್ದ ತುದಿಯಲ್ಲಿ ಒಂದರ ಮೇಲೊಂದು ಹಾಯುವ ನವಿರು ಗೆರೆ ಇರುತ್ತೆ. ಇದರಲ್ಲಿ ಗೆರೆ ಇತ್ತು.

ಡಬ್ಬಿಯಲ್ಲಿ ಎಲ್ಲಕ್ಕಿಂತ ಚೆಂದದ್ದು ಅದು. ಮೊಮ್ಮಗ ಅದರ ಮೇಲೇ ಆಸೆ ಇಟ್ಟಿದ್ದ. ಅದನ್ನು ಮಾರೋ ಹಾಗಿಲ್ಲ ಅಂತ ನಾವು ಹೇಳಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ಆಗಿ ನಮ್ಮ ಆನೆಯ ದಂತದ ವ್ಯಾಪಾರ ನಿಂತಿತು. 1991ರಲ್ಲಿ ಆಫ್ರಿಕಾದ ದಂತಕ್ಕೂ ಅದೇ ಆಯಿತು. ತಾತನ ಕಾಲದ್ದು, ದೊರೆ ಕೊಟ್ಟಿದ್ದು ಅಂದರೂ ಮಾರಾಟಕ್ಕೆ ವಿನಾಯಿತಿ ಇಲ್ಲ. ಮನೆಯಲ್ಲಿ ಇಟ್ಟುಕೊಳ್ಳೋಕೂ ಮಾಲೀಕತ್ವದ ಪ್ರಮಾಣಪತ್ರ ಬೇಕು. ಇಂಥ ವಸ್ತುಗಳನ್ನು ಘೋಷಿಸಿಕೊಳ್ಳೋಕೆ 2003ರಲ್ಲಿ ಸರ್ಕಾರ 180 ದಿನ ಅವಕಾಶ ಕೊಟ್ಟಿತ್ತು. ಆಗ ಈ ಡಬ್ಬಿ ಅಟ್ಟದಲ್ಲಿ ಮಲಗಿತ್ತು. 2023ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಮನೆಯೊಳಗಿದ್ದ ಸ್ಪರ್ಧಿಯನ್ನು ಹುಲಿ ಉಗುರಿನ ವಿಷಯಕ್ಕೆ ಅರಣ್ಯ ಇಲಾಖೆಯವರು ಕರೆದುಕೊಂಡು ಹೋಗಿದ್ದು ನಿಮಗೆ ನೆನಪಿರಬಹುದು. ಕಡವೆ ಕೊಂಬಿನ ಹಿಡಿಯೂ ಇದೇ ಕಾಯ್ದೆ ಕೆಳಗೆ ಬರುತ್ತೆ. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ "ಸೇಲ್‌ಗಿದೆ" ಅಂತ ಹಾಕೋ ಮುಂಚೆ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳೋದು ಒಳ್ಳೇದು.

"ಹಂಗಾದ್ರೆ ಪೊಲೀಸ್ನೋರು ಚಾಕು ಇಟ್ಟಿದ್ದಕ್ಕೂ ಹಿಡೀತಾರಾ?" ಅಂತ ಅವನು ಗಾಬರಿಯಾದ. ಅದಕ್ಕೆ ಹೆದರಬೇಕಿಲ್ಲ. ಆಯುಧ ನಿಯಮದಲ್ಲಿ ಬರೋದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರೋ ಅಲಗು, ಅದೂ ಮನೆಗೆಲಸ, ಬೇಸಾಯದ್ದಲ್ಲದಿದ್ದರೆ. ತಾತನ ಚಾಕುಗಳು ಮೂರು ನಾಲ್ಕು ಇಂಚಿನವು. ನಮ್ಮ ಹಿಪ್ಪುನೇರಳೆ ಸೊಪ್ಪು ಕೊಚ್ಚೋ ಕತ್ತಿ ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಹೊರದೇಶದವರು ಜಾಸ್ತಿ ಕೊಡ್ತಾರೆ ಅಂತ ಪಾರ್ಸಲ್ ಮಾಡೋ ಆಲೋಚನೆ ಇದ್ದರೆ ನಿಲ್ಲಿಸಿ. ನೂರು ವರ್ಷ ದಾಟಿದ, ಚರಿತ್ರೆಯ ಮಹತ್ವ ಇರೋ ವಸ್ತುವನ್ನು ಖಾಸಗಿಯವರು ಹೊರಗೆ ಕಳಿಸೋಕೆ 1972ರ ಪ್ರಾಚ್ಯವಸ್ತು ಕಾಯ್ದೆ ಬಿಡಲ್ಲ.

ಟಿಪ್ಪುವಿನ ಖಡ್ಗ 140 ಕೋಟಿಗೆ ಹೋಯಿತಲ್ಲ ಅಂತ ಊರಿನ ಕಟ್ಟೆಯಲ್ಲಿ ಒಬ್ಬರು ಕೇಳಿದರು. ನಿಜ, ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗನ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಅದು 1799ರಲ್ಲಿ ಶ್ರೀರಂಗಪಟ್ಟಣದಿಂದ ಜನರಲ್ ಬೇರ್ಡ್ ಕೈಗೆ ಹೋಗಿದ್ದಕ್ಕೆ ದಾಖಲೆ ಇತ್ತು. ನಮ್ಮ ಡಬ್ಬಿಗೆ ಇರೋದು ಬಾಯಿಮಾತು. ದೊರೆಯ ಒಂದು ಚೀಟಿ, ತಾತನ ಗಣಿ ಟೋಕನ್, ಒಂದು ಫೋಟೋ ಇದ್ದಿದ್ದರೂ ಕೊಳ್ಳೋರು ಬೇರೆ ಥರ ನೋಡ್ತಿದ್ದರು.

ಇಷ್ಟೆಲ್ಲಾ ಲೆಕ್ಕ ಹಾಕಿದ ಮೇಲೆ 23ರಲ್ಲಿ ಮಾರೋಕೆ ಆಗುವಂಥವು, ಮಾರಿದರೆ ನಾಲ್ಕು ಕಾಸು ಬರುವಂಥವು ಐದಾರು ಉಳಿದವು. ಮನೆಗೆ ಸಿಮೆಂಟ್ ಬರುವಷ್ಟು ದುಡ್ಡಲ್ಲ, ಗುಜರಿಯ ನಾನೂರೂ ಅಲ್ಲ.

ಅಷ್ಟರಲ್ಲಿ ಶ್ರೀನಿವಾಸಪುರದಿಂದ ಅವನ ಅತ್ತೆ ಬಂದರು. ಡಬ್ಬಿ ಮಾರ್ತಾರಂತೆ ಅಂತ ಸುದ್ದಿ ಹೋಗಿತ್ತು. "ಯಾರನ್ನ ಕೇಳಿ ರೇಟ್ ಮಾಡ್ತಿದ್ದೀಯಪ್ಪಾ? ನಮ್ಮಪ್ಪನ ಸಾಮಾನಲ್ವಾ?" ಅಂದರು. ಅವರ ಮಾತಿನಲ್ಲಿ ಕಾನೂನೂ ಇತ್ತು. ವಿಲ್ ಬರೆಯದೆ ತೀರಿಕೊಂಡವರ ಸ್ವಂತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಜಮೀನಿಗೆ ಮಾತ್ರ ಅಲ್ಲ, ಬಿಸ್ಕತ್ ಡಬ್ಬಿಗೂ. ಮೊಮ್ಮಗ ಒಬ್ಬನೇ ಮಾರೋ ಹಾಗಿರಲಿಲ್ಲ. ಇದನ್ನು ನಾವು ಮೊದಲನೇ ದಿನವೇ ಕೇಳಬೇಕಿತ್ತು, ಕೇಳಲಿಲ್ಲ.

ಅತ್ತೆ ಡಬ್ಬಿಯಲ್ಲಿ ಕೈಯಾಡಿಸಿ ರಾಡ್ಜರ್ಸ್ ಎಲ್ಲಾ ಪಕ್ಕಕ್ಕೆ ಸರಿಸಿ, ನಾವು ಬೆಲೆಯೇ ಇಲ್ಲ ಅಂತ ಬಿಟ್ಟಿದ್ದ ಒಂದನ್ನು ತೆಗೆದರು. ಮುದ್ರೆ ಇಲ್ಲದ ಪುಟ್ಟ ಚಾಕು, ಹಿಡಿಯ ತುದಿಯಲ್ಲಿ ಚಪ್ಪಟೆ ಮೂಳೆಯ ನಾಲಿಗೆ. ನಾವು ಅದು ಮುರಿದಿದೆ ಅಂದುಕೊಂಡಿದ್ದೆವು. ಅದು ಕಸಿ ಚಾಕು, ಆ ನಾಲಿಗೆ ಇರೋದು ಗಿಡದ ತೊಗಟೆ ಎಬ್ಬಿಸೋಕೆ. ಗಣಿಯಿಂದ ರಜಕ್ಕೆ ಬಂದಾಗಲೆಲ್ಲಾ ಅವರಪ್ಪ ಅದರಲ್ಲೇ ಮಾವಿನ ಕಸಿ ಕಟ್ಟುತ್ತಿದ್ದರಂತೆ. ಮದುವೆಯಾಗಿ ಹೋಗುವಾಗ ಅವರ ಜೊತೆ ಕಳಿಸಿದ ಬಾದಾಮಿ ಗಿಡ ಈಗಲೂ ಅಲ್ಲಿ ಕಾಯಿ ಬಿಡುತ್ತಿದೆ.

ಕಸಿ ಚಾಕು ಅತ್ತೆಯ ಚೀಲ ಸೇರಿತು. ದಂತದ್ದು ಮತ್ತು ಕೊಂಬಿನದನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದಾರೆ, ಮುಂದಿನ ವಾರ ಕೋಲಾರದ ಅರಣ್ಯ ಇಲಾಖೆ ಕಚೇರಿಗೆ ಅತ್ತೆ, ಅಳಿಯ ಇಬ್ಬರೂ ಹೋಗ್ತಾರೆ. ಐ ಎಕ್ಸ್ ಎಲ್, ಪಟ್ಟಾಳದ ಚಾಕು ಮತ್ತು ಸೋಲಿಂಗನ್‌ನವುಗಳ ಫೋಟೋ ತೆಗೆದು, ಎಲ್ಲಿಂದ ಬಂತು ಅಂತ ಅತ್ತೆ ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇವೆ. ಬೆಂಗಳೂರಿನಲ್ಲಿ ಹಳೇ ಸಾಮಾನು ಕೊಳ್ಳುವ ಇಬ್ಬರಿಗೆ ತೋರಿಸಬೇಕು, ಒಬ್ಬರ ಮಾತು ಕೇಳಿ ಕೊಡಬೇಡಿ ಅಂತ ಹೇಳಿದ್ದೇವೆ. ಗುಜರಿಯವನು ಸೋಮವಾರ ಮತ್ತೆ ಬಂದಿದ್ದನಂತೆ. ಖಾಲಿ ಡಬ್ಬಿ ಕೊಟ್ಟು ಕಳಿಸಿದ್ದಾರೆ.