ಗೋಡೆಯಿಂದ ಬಿಡಿಸಿಕೊಂಡ ದೂರವಾಣಿ

ಮುಂಬಯಿಗೆ ದೂರವಾಣಿ ಬಂದದ್ದು 1882ರಲ್ಲಿ. ಮೋಟಾರು ಕಾರು ಕಾಣಿಸಿಕೊಂಡದ್ದು ಸುಮಾರು ಒಂದೂವರೆ ದಶಕದ ಬಳಿಕ, ಆ ಶತಮಾನದ ಕೊನೆಯಲ್ಲಿ. ಅಲ್ಲಿಂದ ಮುಂದೆ ನೂರು ವರ್ಷಗಳಿಗೆ ಸಮೀಪದ ಕಾಲ ಇವೆರಡೂ ಒಂದೇ ನಗರದಲ್ಲಿ ಬಾಳಿದರೂ ಒಂದನ್ನೊಂದು ಮುಟ್ಟಲಿಲ್ಲ. ದೂರವಾಣಿ ಗೋಡೆಗೆ, ಕಚೇರಿಯ ಮೇಜಿಗೆ, ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಅಂಟಿಕೊಂಡಿತ್ತು, ಕಾರು ಬೀದಿಯಲ್ಲಿತ್ತು. ಮಾತನಾಡಬೇಕಾದವನು ವಾಹನ ನಿಲ್ಲಿಸಿ, ಇಳಿದು, ಜೇಬಿನಲ್ಲಿ ನಾಣ್ಯ ಹುಡುಕಬೇಕಾಗಿತ್ತು. ಈ ಅಂತರವನ್ನು ಯಾರೂ ಸುರಕ್ಷತೆಯ ನಿಯಮವಾಗಿ ರೂಪಿಸಿರಲಿಲ್ಲ. ತಂತಿಯ ಉದ್ದವೇ ಆ ಕೆಲಸ ಮಾಡುತ್ತಿತ್ತು.

ವಾಹನ ಚಲಾಯಿಸುತ್ತ ಫೋನಿನಲ್ಲಿ ಮಾತನಾಡುವುದನ್ನು ನಾವು ಈ ಕಾಲದ ಹುಡುಗರ ಕೆಟ್ಟ ಚಾಳಿಯೆಂದು ಬಗೆಯುತ್ತೇವೆ. ಇತಿಹಾಸ ಬೇರೆಯೇ ಕಥೆ ಹೇಳುತ್ತದೆ. ಸಂಚಾರಿ ದೂರವಾಣಿ ಜೇಬಿಗೆ ಬರುವ ಮೊದಲು ಇದ್ದದ್ದೇ ಕಾರಿನಲ್ಲಿ. 1946ರ ಜೂನ್ 17ರಂದು ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಬೆಲ್ ಸಂಸ್ಥೆಯ ಸಂಚಾರಿ ಸೇವೆಯ ಮೊದಲ ಕರೆ ಹೋದದ್ದು ಒಂದು ಕಾರಿನಿಂದ. 1973ರಲ್ಲಿ ಕೈಯಲ್ಲಿ ಹಿಡಿಯುವ ಫೋನಿನಿಂದ ಮೊದಲ ಕರೆ ಮಾಡಿದ ಮಾರ್ಟಿನ್ ಕೂಪರ್ ದುಡಿಯುತ್ತಿದ್ದುದು ಮೋಟೊರೋಲಾದಲ್ಲಿ. 1930ರಲ್ಲಿ ಕಾರಿನೊಳಗೆ ರೇಡಿಯೊ ಇಟ್ಟು ಹೆಸರಾದ ಕಂಪನಿಯದು. ಅದರ ಹೆಸರಿನಲ್ಲೇ ಮೋಟಾರು ಕೂತಿದೆ. ಚಾಲಕನೇ ಈ ಉಪಕರಣದ ಮೊದಲ ಗಿರಾಕಿ. ಅಪಾಯವು ಹೊರಗಿನಿಂದ ಬಂದು ಸೇರಿಕೊಂಡದ್ದಲ್ಲ, ಹುಟ್ಟಿನಿಂದಲೇ ಜೊತೆಗಿತ್ತು.

ಮುಂಬಯಿಗೆ ಮೊಬೈಲ್ ಬಂದದ್ದು 1995ರಲ್ಲಿ. ಮ್ಯಾಕ್ಸ್ ಟಚ್, ಬಿಪಿಎಲ್ ಎಂಬ ಹೆಸರುಗಳು ಹಳಬರಿಗೆ ನೆನಪಿರಬೇಕು. ಆಗ ಕರೆ ಮಾಡಿದವನೂ ಹಣ ತೆರಬೇಕು, ಕರೆ ಸ್ವೀಕರಿಸಿದವನೂ ತೆರಬೇಕು. ಫೋನ್ ರಿಂಗಣಿಸಿದರೆ ಪರದೆಯ ಮೇಲಿನ ಸಂಖ್ಯೆಯನ್ನು ನೋಡಿ, ಕರೆಯನ್ನು ತುಂಡರಿಸಿ, ಮುಂದೆ ಸಿಗುವ ಪಿಸಿಒದಿಂದ ಮಾತನಾಡುವವರೇ ಹೆಚ್ಚು. ತಂತಿ ಹೋದ ಮೇಲೆ ಸ್ವಲ್ಪ ಕಾಲ ಬೆಲೆಯೇ ಪಹರೆ ಕಾಯಿತೆನ್ನಬೇಕು. 2003ರ ಮೇ ತಿಂಗಳಿಂದ ಒಳಬರುವ ಕರೆಗಳು ಉಚಿತವಾದವು. ಬಡವರ ಕೈಗೆ ಫೋನು ತಲುಪಿದ್ದು ಇದರಿಂದಲೇ ಆದ್ದರಿಂದ ಅದನ್ನು ನಾವು ಹಳಿಯಲಾರೆವು. ಆದರೆ ಟ್ಯಾಕ್ಸಿ, ಟೆಂಪೊ, ರಿಕ್ಷಾ ಚಾಲಕರ ಜೇಬು ದಿನವಿಡೀ ರಿಂಗಣಿಸತೊಡಗಿದ್ದೂ ಆಗಲೇ.

ಕಾನೂನು ಎಂದಿನಂತೆ ಹಿಂದೆ ನಡೆದು ಬಂತು. 1988ರ ಮೋಟಾರು ವಾಹನ ಕಾಯ್ದೆ ಮೊಬೈಲನ್ನು ಕಲ್ಪಿಸಿಕೊಂಡಿರಲಿಲ್ಲ. ರಸ್ತೆ ಸುರಕ್ಷತೆಗಾಗಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿಯು 2015ರಲ್ಲಿ, ಚಾಲನೆಯ ವೇಳೆ ಫೋನ್ ಬಳಸಿದವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಮರುವರ್ಷ ಮುಂಬಯಿ ಸಂಚಾರಿ ಪೊಲೀಸರು ಕ್ಯಾಮೆರಾಗಳ ನೆರವಿನಿಂದ ಇ-ಚಲನ್ ಆರಂಭಿಸಿದರು. 2019ರ ತಿದ್ದುಪಡಿಯು 184ನೆಯ ಕಲಮಿನ ಅಪಾಯಕಾರಿ ಚಾಲನೆಯಲ್ಲಿ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನೂ ಹೆಸರಿಸಿ ಸೇರಿಸಿತು: ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದರಿಂದ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಮಹಾರಾಷ್ಟ್ರದಲ್ಲಿ ಹೆಚ್ಚಿದ ದಂಡದ ದರಗಳು ಜಾರಿಗೆ ಬಂದದ್ದು 2021ರ ಡಿಸೆಂಬರಿನಲ್ಲಿ.

ಇಷ್ಟೆಲ್ಲದರಲ್ಲಿ ಕಾನೂನಿನ ಕಣ್ಣು ನೆಟ್ಟಿರುವುದು ಕೈಯ ಮೇಲೆ. ಆದರೆ 1997ರಲ್ಲೇ ಕೆನಡಾದ ರೆಡೆಲ್ಮೈಯರ್ ಮತ್ತು ಟಿಬ್ಶಿರಾನಿ, ಅಪಘಾತಕ್ಕೊಳಗಾದ 699 ಚಾಲಕರ ಫೋನ್ ದಾಖಲೆಗಳನ್ನು ಪರಿಶೀಲಿಸಿ, ಕರೆಯ ವೇಳೆ ಡಿಕ್ಕಿಯ ಸಂಭವ ಸುಮಾರು ನಾಲ್ಕು ಪಟ್ಟು ಏರುತ್ತದೆಂದು ತೋರಿಸಿದ್ದರು. ಕೈಯನ್ನು ಮುಕ್ತವಾಗಿಡುವ ಫೋನುಗಳಿಂದ ಹೆಚ್ಚಿನ ಸುರಕ್ಷತೆ ದೊರೆತದ್ದೂ ಅವರಿಗೆ ಕಾಣಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈಗಳಿದ್ದು ಚಿತ್ತ ಮಾತ್ರ ಘಾಟ್ಕೋಪರಿನ ಮನೆಯ ಜಗಳದಲ್ಲಿದ್ದರೆ ಕ್ಯಾಮೆರಾ ಅದನ್ನು ಹಿಡಿಯುವುದು ಹೇಗೆ? ಪಕ್ಕದಲ್ಲಿ ಕುಳಿತವನಾದರೋ ಎದುರಿಗೆ ಲಾರಿ ನುಗ್ಗಿದಾಗ ತಾನಾಗಿ ಬಾಯಿ ಮುಚ್ಚುತ್ತಾನೆ. ಫೋನಿನ ಆಚೆಗಿರುವವನಿಗೆ ಲಾರಿ ಕಾಣದು. ನಮ್ಮ ಊರಿನ ಸರ್ಕಾರಿ ಬಸ್ಸುಗಳಲ್ಲಿ ಪಕ್ಕದವರಿಗೂ ಚಾಲಕನೊಡನೆ ಮಾತು ಬೇಡವೆಂದು ಬರೆದಿರುತ್ತಿತ್ತು. ಆ ಫಲಕ ಬರೆಸಿದವರಿಗೆ ಯಾವ ಸಂಶೋಧನೆಯೂ ಬೇಕಾಗಿರಲಿಲ್ಲ.

ಮಾತಿಗಿಂತ ನೋಟ ಇನ್ನೂ ಕೆಟ್ಟದ್ದು. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನು ಒಂದು ಸಂದೇಶ ಓದಲು ಮೂರು ಸೆಕೆಂಡು ಕಣ್ಣು ತಗ್ಗಿಸಿದರೆ 50 ಮೀಟರ್ ದೂರವನ್ನು ಕುರುಡನಾಗಿ ದಾಟಿರುತ್ತಾನೆ. ನಾಲ್ಕು ಬೆಸ್ಟ್ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ ಅದು.

ಈಗ ಅಂಧೇರಿಯ ಸಿಗ್ನಲ್ಲಿನಲ್ಲಿ ನಿಂತು ನೋಡಿದರೆ ವಿಷಯ ಚಾಳಿಯ ಎಲ್ಲೆಯನ್ನೇ ಮೀರಿದೆ. ಊಟ ಮುಟ್ಟಿಸುವ ಹುಡುಗನ ಹ್ಯಾಂಡಲ್ಲಿಗೆ ಫೋನ್ ಬಿಗಿದಿದೆ. ರಿಕ್ಷಾದವನ ಗಾಜಿನ ಮುಂದೆ ಇನ್ನೊಂದು. ಅದರಲ್ಲೇ ದಾರಿ, ಅದರಲ್ಲೇ ಗಿರಾಕಿ, ಅದರಲ್ಲೇ ಆ ದಿನದ ಕೂಲಿ. ಮುಂದಿನ ಬಾಡಿಗೆ ಪರದೆಯ ಮೇಲೆ ಕೆಲವು ಕ್ಷಣ ಮಾತ್ರ ಮಿನುಗುತ್ತದೆ. ಒತ್ತದಿದ್ದರೆ ಇನ್ನೊಬ್ಬನ ಪಾಲು. 2020ರ ಅಕ್ಟೋಬರಿನಿಂದ ಜಾರಿಯಲ್ಲಿರುವ ನಿಯಮವು, ಏಕಾಗ್ರತೆಗೆ ಭಂಗ ಬಾರದಂತೆ ದಾರಿ ನೋಡುವುದಕ್ಕಷ್ಟೇ ಸಾಧನವನ್ನು ಬಳಸಬಹುದೆನ್ನುತ್ತದೆ. ನಕಾಶೆಯೂ ಬಾಡಿಗೆಯೂ ಅಂಗೈಯಗಲದ ಒಂದೇ ಗಾಜಿನ ಮೇಲೆ ಮೂಡುವಾಗ ಆ ಹುಡುಗ ಒಂದನ್ನು ನೋಡಿ ಮತ್ತೊಂದನ್ನು ಬಿಡುವುದೆಂತು? ಹೀಗಾಗಿ ದಂಡ ಅವನಿಗೆ, ಸಮಯದ ಗಡುವು ವಿಧಿಸಿದವರಿಗೆ ಏನೂ ಇಲ್ಲ. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2021ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,53,972. ಅವರಲ್ಲಿ ಮೊಬೈಲ್ ಬಳಕೆಯ ಲೆಕ್ಕಕ್ಕೆ ಸೇರಿದವರು 1,040. ಈ ಸಣ್ಣ ಸಂಖ್ಯೆಯನ್ನು ನಂಬುವುದು ನಮಗೆ ಕಷ್ಟ. ಸರ್ಕಾರಿ ನಮೂನೆಗಳನ್ನು ತುಂಬಿಯೇ ಬದುಕುವ ನಮ್ಮಂಥವರಿಗೆ ಒಂದು ವಿಷಯ ಗೊತ್ತು: ಕಣ್ಣಿಗೆ ಕಂಡದ್ದು ಮಾತ್ರ ಕಾಲಮಿಗೆ ಇಳಿಯುತ್ತದೆ. ಮಗುಚಿದ ವಾಹನದ ಪಕ್ಕದಲ್ಲಿ ಬಿದ್ದ ಫೋನು ಆ ಗಳಿಗೆಯಲ್ಲಿ ಕೈಯಲ್ಲಿತ್ತೋ ಜೇಬಿನಲ್ಲಿತ್ತೋ, ಯಾರು ಹೇಳಬೇಕು?

ಇನ್ನು ಆಚೆ ತುದಿಯವರ ಮಾತು. ಫೋನು ಗೋಡೆಯಲ್ಲಿದ್ದ ಕಾಲದಲ್ಲಿ "ಎಲ್ಲಿದ್ದೀರಿ?" ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದರೆ ನಗುತ್ತಿದ್ದರು. ಇಂದು ಕಚೇರಿಯಿಂದ ಬರುವ ಕರೆಯ ಮೊದಲ ಮಾತೇ ಅದು. ಮೇಲಧಿಕಾರಿ ಕೇಳುತ್ತಾರೆ, ಮನೆಯವರು ಕೇಳುತ್ತಾರೆ, ಬಿರಿಯಾನಿಗೆ ಕಾದವರು ಕೇಳುತ್ತಾರೆ. ಗಾಡಿ ಓಡಿಸುತ್ತಿದ್ದೇನೆಂಬ ಉತ್ತರ ಬಂದರೆ, "ಸರಿ, ಒಂದೇ ನಿಮಿಷ" ಎಂದು ಮಾತು ಮುಂದುವರಿಯುತ್ತದೆ.