ಒಡೆತನ ಮತ್ತು ಸೇವೆ: ಟೋಲ್ಕಿನ್ ಕಥನದ ಒಂದು ಓದು

ಕ್ರಿ.ಶ. 991ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಮಾಲ್ಡನ್ ಬಳಿ ನಡೆದ ಕಾಳಗವನ್ನು ಹಳೆಯ ಇಂಗ್ಲಿಷ್ ಕಾವ್ಯವೊಂದು ವರ್ಣಿಸುತ್ತದೆ. ನಡುಗಡ್ಡೆಯಲ್ಲಿದ್ದ ವೈಕಿಂಗ್ ದಾಳಿಕೋರರಿಗೆ ದಡ ಸೇರಲು ಇದ್ದದ್ದು ಕಿರಿದಾದ ಹಾದಿ. ಇಂಗ್ಲಿಷರ ನಾಯಕ ಬರ್ಟ್‌ನಾತ್ ಅವರನ್ನು ದಾಟಲು ಬಿಟ್ಟು ತಾನೂ ಮಡಿದ. ಅವನ ನಿಷ್ಠ ಬಂಟರು ಹಿಂದೆಗೆಯದೆ ಹೋರಾಡಿ ಸತ್ತರು. ಈ ಕಾವ್ಯವನ್ನು ಆಧರಿಸಿ ಜೆ.ಆರ್.ಆರ್. ಟೋಲ್ಕಿನ್ 1953ರಲ್ಲಿ ಒಂದು ಸಂವಾದರೂಪಕವನ್ನೂ ಜೊತೆಗೊಂದು ಪ್ರಬಂಧವನ್ನೂ ಪ್ರಕಟಿಸಿದರು. ತನ್ನ ಕೀರ್ತಿಗಾಗಿ ಆಳುಗಳ ಪ್ರಾಣವನ್ನು ಪಣಕ್ಕಿಡುವ ಹಕ್ಕು ಒಡೆಯನಿಗಿಲ್ಲ, ಹಿರಿಮೆ ಸಲ್ಲಬೇಕಾದದ್ದು ಪ್ರೀತಿಯಿಂದ ಕೊನೆಯವರೆಗೆ ನಿಂತವರಿಗೆ ಎಂಬುದು ಅವರ ವಾದ. ಮರುವರ್ಷವೇ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಹೊರಬರತೊಡಗಿತು. ಆ ಕೃತಿಯಲ್ಲಿ ಒಡೆತನದ ಅರ್ಥವನ್ನು ತಿಳಿಯಲು ಈ ಪ್ರಬಂಧಕ್ಕಿಂತ ಒಳ್ಳೆಯ ಪ್ರವೇಶ ಇನ್ನೊಂದಿಲ್ಲ.

ಕೃತಿಯಲ್ಲಿ ಮಾಯದ ಉಂಗುರವನ್ನು ಹೊತ್ತು ಸಾಗುವ ನಾಯಕ ಫ್ರೋಡೊನ ತೋಟಗಾರ ಸ್ಯಾಮ್‌ನನ್ನು ವಿವರಿಸುವಾಗ ವಿಮರ್ಶಕರು ಸಾಮಾನ್ಯವಾಗಿ 1916ರ ಸೋಮ್ ಯುದ್ಧವನ್ನು ನೆನೆಯುತ್ತಾರೆ. ಟೋಲ್ಕಿನ್ ಅಲ್ಲಿ ಲ್ಯಾಂಕಶೈರ್ ಫ್ಯುಸಿಲಿಯರ್ಸ್ ಪಡೆಯ ಸಂಕೇತಾಧಿಕಾರಿಯಾಗಿದ್ದರು. ತಾವು ಕಂಡ ಸಾಮಾನ್ಯ ಸಿಪಾಯಿಗಳು, ಅಧಿಕಾರಿಗಳ ಆರ್ಡರ್ಲಿಗಳೇ ಸ್ಯಾಮ್‌ನ ಮೂಲವೆಂದು ಅವರೇ ಹೇಳಿದ್ದಾರೆ. ಇದು ನಿಜ, ಆದರೆ ಅರ್ಧ ಮಾತ್ರ. ಸ್ಯಾಮ್‌ನ ನಿಷ್ಠೆ ಎಲ್ಲಿಂದ ಬಂತೆಂಬುದನ್ನು ಅದು ಹೇಳುತ್ತದೆ. ಫ್ರೋಡೊ ಎಂಥ ಒಡೆಯನೆಂಬುದನ್ನು ಹೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಗುವುದು ಆ ಉಂಗುರವನ್ನು ಹಿಂದೆ ಹೊಂದಿದ್ದ ಗೊಲ್ಲಮ್‌ನ ಪ್ರಸಂಗದಲ್ಲಿ. ಉಂಗುರದ ಮೇಲೆ ಆಣೆಯಿಟ್ಟು ಅವನು ಫ್ರೋಡೊನ ಸೇವೆಗೆ ನಿಲ್ಲುತ್ತಾನೆ. ಆ ಆಣೆಯಲ್ಲಿ ಭಯವಿದೆ, ಆಸೆಯಿದೆ, ಎಂದೋ ಬತ್ತಿದ ಪ್ರೀತಿಯ ಪಸೆಯೂ ಇದೆ. ಫ್ರೋಡೊ ಅವನಿಗೆ ಕರುಣೆ ತೋರುತ್ತಾನೆ, ಉಂಗುರದ ಬಲದಿಂದ ಬೆದರಿಸುವುದೂ ಉಂಟು. ಕಿರಿತ್ ಉಂಗೊಲ್ ಎಂಬ ಬೆಟ್ಟದ ಹಾದಿಯ ಮೆಟ್ಟಿಲ ಬಳಿ ಮಲಗಿದ್ದ ಫ್ರೋಡೊನ ಮೊಣಕಾಲನ್ನು ಗೊಲ್ಲಮ್ ಮೆಲ್ಲಗೆ ಮುಟ್ಟುತ್ತಾನೆ. ಎಚ್ಚರಗೊಂಡ ಸ್ಯಾಮ್ ಅವನನ್ನು ಗದರಿಸುತ್ತಾನೆ. ಮೂಡುತ್ತಿದ್ದ ಪಶ್ಚಾತ್ತಾಪ ಅಲ್ಲೇ ಸಾಯುತ್ತದೆ. 1963ರ ಪತ್ರವೊಂದರಲ್ಲಿ ಟೋಲ್ಕಿನ್ ಇದನ್ನು ಕಥೆಯ ಅತ್ಯಂತ ದುರಂತದ ಗಳಿಗೆಯೆಂದು ಕಾಣುತ್ತಾರೆ. ಪ್ರೀತಿಗೆ ಅರ್ಹನಲ್ಲದವನಿಗೂ ಸೇವೆ ಸಲ್ಲಿಸುವುದನ್ನು ಫ್ರೋಡೊ ಕಲಿಯುತ್ತಿದ್ದ. ನಿಷ್ಠೆಯ ಹೆಮ್ಮೆಯಲ್ಲಿದ್ದ ಸ್ಯಾಮ್‌ಗೆ ಅದು ಅರ್ಥವಾಗಲಿಲ್ಲ ಎಂಬುದು ಆ ಪತ್ರದ ಒಳನೋಟ. ಅಂದರೆ ಇಲ್ಲಿ ಒಡೆಯನೂ ಸೇವಕನೇ. ಆಳಿನ ನಿಷ್ಠೆಯೂ ಒಡೆಯ ನನ್ನೊಬ್ಬನವನೇ ಎಂಬ ಹಟವಾಗಬಲ್ಲದು. ಸ್ಯಾಮ್‌ನನ್ನು ಬರಿದೆ ಹೊಗಳುವ ಓದುಗಳು ಈ ಕಹಿಯನ್ನು ಬಿಟ್ಟುಬಿಡುತ್ತವೆ.

ಅದೇ ಕೃತಿಯ ಗೊಂಡೊರ್ ರಾಜ್ಯದಲ್ಲಿ ಒಡೆತನದ ಇದೇ ಪ್ರಶ್ನೆ ರಾಜಕೀಯದ ರೂಪ ತಾಳುತ್ತದೆ. ಅರಸನಿಲ್ಲದ ನಾಡನ್ನು ಕಾಯುವ ಪಾರುಪತ್ಯಗಾರ ಡೆನೆಥಾರ್, ಕಾಯಲು ಬಂದದ್ದನ್ನು ತನ್ನದೇ ಎಂದುಕೊಂಡು ಕೊನೆಗೆ ಜ್ವರದಲ್ಲಿದ್ದ ಮಗ ಫರಾಮಿರ್‌ನನ್ನೂ ತನ್ನೊಡನೆ ಚಿತೆಗೇರಿಸಲು ಹೊರಡುತ್ತಾನೆ. ಕಾವಲುಭಟ ಬೆರೆಗಾಂಡ್ ಅಪ್ಪಣೆ ಮೀರಿ, ಕಾವಲು ತೊರೆದು, ಪವಿತ್ರ ಸ್ಥಳದಲ್ಲಿ ರಕ್ತ ಹರಿಸಿ ಫರಾಮಿರ್‌ನನ್ನು ಉಳಿಸುತ್ತಾನೆ. ಹಳೆಯ ಕಟ್ಟಳೆಯಂತೆ ಇದಕ್ಕೆ ಮರಣದಂಡನೆ. ಹೊಸ ಅರಸ ಅರಗೊರ್ನ್ ತಪ್ಪನ್ನು ತಪ್ಪೆಂದೇ ಸಾರಿ ಅವನನ್ನು ಕೋಟೆಯ ಪಡೆಯಿಂದ ತೆಗೆಯುತ್ತಾನೆ. ಬಳಿಕ ಅದೇ ಫರಾಮಿರ್‌ನ ಅಂಗರಕ್ಷಕ ಪಡೆಗೆ ನಾಯಕನನ್ನಾಗಿ ನೇಮಿಸುತ್ತಾನೆ.